ಸ್ಪೋರ್ಟ್ಸ್ ಕಾರಿನ ಏರ್ ಇನ್‌ಟೇಕ್: ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು

ಸ್ಪೋರ್ಟ್ಸ್ ಕಾರಿನ ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಪಡೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಏರ್ ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಗೆ ಬರುವ ದಾರಿಗೆ. ಬಾನೆಟ್ ಎತ್ತಿದೊಡನೆ ಕಣ್ಣಿಗೆ ಬೀಳುವ ಭಾಗ ಅದು; ನಾಲ್ಕು ಕ್ಲಾಂಪ್ ಸಡಿಲಿಸಿದರೆ ಕೈಗೆ ಬರುತ್ತದೆ; ಎಂಜಿನ್ ಬಿಚ್ಚುವ ಗೊಡವೆಯಿಲ್ಲ. ಆದರೆ ಆಯ್ಕೆಗೆ ಕುಳಿತಾಗ ತಲೆ ಕೆಡುತ್ತದೆ. ಹಳೆಯ ಪೆಟ್ಟಿಗೆಯಲ್ಲೇ ಕೂರುವ ಪ್ಯಾನಲ್ ಫಿಲ್ಟರ್, ತೆರೆದ ಕೋನ್ ಫಿಲ್ಟರ್, ಉದ್ದ ಕೊಳವೆಯ ಕೋಲ್ಡ್ ಏರ್ ಇನ್‌ಟೇಕ್, ಮುಚ್ಚಿದ ಕಾರ್ಬನ್ ಫೈಬರ್ ಪೆಟ್ಟಿಗೆ, ದೊಡ್ಡ ಥ್ರಾಟಲ್ ಬಾಡಿ (ಪೆಡಲಿಗೆ ತಕ್ಕಂತೆ ತೆರೆದು ಗಾಳಿ ಬಿಡುವ ಬಾಗಿಲು), ಸಿಲಿಂಡರಿಗೊಂದರಂತೆ ಪ್ರತ್ಯೇಕ ಥ್ರಾಟಲ್: ಪ್ರತಿಯೊಂದರ ಮೇಲೂ ಇಷ್ಟು ಹಾರ್ಸ್‌ಪವರ್ ಹೆಚ್ಚುತ್ತದೆ ಎಂಬ ಬರಹ ಇದ್ದೇ ಇರುತ್ತದೆ. ಆ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರೆ ನಿರ್ಧಾರಕ್ಕೆ ಬರುವುದು ಸಾಧ್ಯವಿಲ್ಲ. ಅಳತೆಗೋಲನ್ನು ನಮ್ಮ ಕಾರಿನಿಂದಲೇ ತೆಗೆದುಕೊಳ್ಳಬೇಕು.

ಮೊದಲು ಅಳತೆಗೋಲುಗಳು

ಎಂಜಿನ್ ಮೂಲತಃ ಗಾಳಿ ಎಳೆಯುವ ಪಂಪು. 2 ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್ 7,000 ಆರ್‌ಪಿಎಂನಲ್ಲಿ ತನ್ನ ಸಿಲಿಂಡರುಗಳನ್ನು ಪೂರ್ತಿ ತುಂಬಿಕೊಂಡರೆ ನಿಮಿಷಕ್ಕೆ 7,000 ಲೀಟರ್ ಗಾಳಿಯನ್ನು, ತೂಕದಲ್ಲಿ ಸುಮಾರು 8.4 ಕಿಲೊ ಗಾಳಿಯನ್ನು, ಒಳಗೆಳೆದುಕೊಳ್ಳುತ್ತದೆ. 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಗರಿಷ್ಠ ಶಕ್ತಿ ಬೇಕಾದಾಗ ಪೆಟ್ರೋಲನ್ನು ಸ್ವಲ್ಪ ಹೆಚ್ಚಿಸಿ 12.5ರಿಂದ 13 ಪಾಲು ಗಾಳಿಯ ಆಸುಪಾಸಿನಲ್ಲಿ ಓಡಿಸುತ್ತಾರೆ. ಪೆಟ್ರೋಲ್ ಹೆಚ್ಚು ಸುರಿಯುವುದು ಇಂಜೆಕ್ಟರಿಗೆ ಕಷ್ಟದ ಕೆಲಸವಲ್ಲ. ಅದಕ್ಕೆ ಜೊತೆಯಾಗುವಷ್ಟು ಗಾಳಿಯನ್ನು ಒಳಗೆ ತರುವುದೇ ಕಷ್ಟ, ಇನ್‌ಟೇಕ್ ಬದಲಿಸುವ ಉದ್ದೇಶವೂ ಅಷ್ಟೇ.

ಹಾಗಾದರೆ ನೋಡಬೇಕಾದ ಮೊದಲ ಅಂಶ, ಈಗಿರುವ ದಾರಿಯಲ್ಲಿ ಗಾಳಿಗೆ ಎಷ್ಟು ಅಡ್ಡಿಯಿದೆ ಎನ್ನುವುದು. ಹೊರಗಿನ ವಾಯುಭಾರ ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೊಪಾಸ್ಕಲ್. ಫಿಲ್ಟರು, ಕೊಳವೆ, ತಿರುವುಗಳನ್ನು ದಾಟಿ ಥ್ರಾಟಲ್ ಬಾಗಿಲಿಗೆ ಬರುವಷ್ಟರಲ್ಲಿ ಅದು 99ಕ್ಕೆ ಇಳಿದಿದ್ದರೆ ದಾರಿಯಲ್ಲಿ ಕಳೆದುಹೋಗಿರುವುದು ಸುಮಾರು ಶೇಕಡಾ 2. ಟರ್ಬೊ (ಗಾಳಿಯನ್ನು ಅದುಮಿ ಒಳಗೆ ತಳ್ಳುವ ಯಂತ್ರ) ಇಲ್ಲದ ಎಂಜಿನ್ನಿನಲ್ಲಿ, ಉಳಿದದ್ದನ್ನೆಲ್ಲ ಹಾಗೇ ಬಿಟ್ಟು ಥ್ರಾಟಲಿಗಿಂತ ಮೊದಲು ಬರುವ ಈ ಭಾಗವನ್ನಷ್ಟೇ ಬದಲಿಸಿದರೆ, ಎಷ್ಟೇ ದುಬಾರಿಯ ಇನ್‌ಟೇಕ್ ಹಾಕಿದರೂ ಅಡ್ಡಿಯ ಕಡೆಯಿಂದ ಮರಳಿ ಸಿಗುವುದು ಆ ಶೇಕಡಾ 2ರ ಒಳಗೇ. 200 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು 4 ಅಶ್ವಶಕ್ತಿ, ಅದೂ ಅಡ್ಡಿಯನ್ನು ಸೊನ್ನೆಗೆ ಇಳಿಸಿದರೆ. ಇಷ್ಟೊಂದು ಮಾತು ಹುಟ್ಟುವ ವಿಷಯದಲ್ಲಿ ಈ ಒಂದು ಸಂಖ್ಯೆಯನ್ನು ಅಳೆದವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಅದನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಕಿಲ್ಲ.

ಮೂರು ಮೀಟರ್ ಪಾರದರ್ಶಕ ಕೊಳವೆ, ಬಣ್ಣ ಬೆರೆಸಿದ ಸ್ವಲ್ಪ ನೀರು, ಒಂದು ಉದ್ದನೆಯ ಸ್ಕೇಲು ಇದ್ದರೆ ಸಾಕು. ಫಿಲ್ಟರ್ ಪೆಟ್ಟಿಗೆಯ ಮುಚ್ಚಳದಲ್ಲಿ, ಫಿಲ್ಟರ್ ದಾಟಿದ ಕಡೆಗೆ ಸಣ್ಣ ರಂಧ್ರ ಮಾಡಿ ಕೊಳವೆಯ ಒಂದು ತುದಿಯನ್ನು ಬಿಗಿಯಾಗಿ ಕೂರಿಸಬೇಕು. ಇನ್ನೊಂದು ತುದಿಯನ್ನು ಕಾರಿನೊಳಗೆ ತಂದು, ಹಲಗೆಯೊಂದರ ಮೇಲೆ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಕಟ್ಟಿ, ಬಾಯಿ ತೆರೆದಿಟ್ಟು, ಅರ್ಧದವರೆಗೆ ನೀರು ತುಂಬಬೇಕು. ಕಿಟಕಿ ಸ್ವಲ್ಪ ಇಳಿಸಿರಲಿ. ಹಲಗೆ ಅರ್ಧ ಮೀಟರಿಗಿಂತ ಎತ್ತರವಿದ್ದರೆ ನೀರು ಎಂಜಿನ್ನಿಗೆ ಹೋಗುವ ಭಯವಿಲ್ಲ. ಟ್ರ್ಯಾಕಿನಲ್ಲೋ, ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೋ ಪೂರ್ತಿ ಆಕ್ಸಿಲರೇಟರ್ ಒತ್ತಿ ಕೆಂಪು ಗೆರೆಯವರೆಗೆ ಎಳೆದಾಗ ಒಂದು ಕಡೆಯ ನೀರು ಏರುತ್ತದೆ, ಇನ್ನೊಂದು ಕಡೆಯದು ಇಳಿಯುತ್ತದೆ. ಪಕ್ಕದಲ್ಲಿ ಕುಳಿತವರು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಎರಡು ಮಟ್ಟಗಳ ನಡುವಿನ ಪ್ರತಿ 10 ಸೆಂಟಿಮೀಟರ್ ವ್ಯತ್ಯಾಸಕ್ಕೆ ಸುಮಾರು 1 ಕಿಲೊಪಾಸ್ಕಲ್ ಎಂದು ಲೆಕ್ಕ ಹಿಡಿಯಿರಿ. ಮುಂದೆ ಅದೇ ಕೊಳವೆಯನ್ನು ಫಿಲ್ಟರಿನ ಈಚೆ ಕಡೆಗೆ, ಅಂದರೆ ಗಾಳಿ ಪೆಟ್ಟಿಗೆಗೆ ಬಂದು ಇನ್ನೂ ಫಿಲ್ಟರ್ ಹಾಯದ ಜಾಗಕ್ಕೆ ಜೋಡಿಸಿ ಇನ್ನೊಮ್ಮೆ ನೋಡಿದರೆ, ಅಡ್ಡಿ ಇರುವುದು ಫಿಲ್ಟರಿನಲ್ಲೋ ಗಾಳಿ ಪೆಟ್ಟಿಗೆಗೆ ಬರುವ ಕಿರಿದಾದ ಮೂತಿಯಲ್ಲೋ ಎಂಬುದೂ ತಿಳಿದುಬಿಡುತ್ತದೆ. ನಾನು ಹೀಗೆ ನೋಡಿದ ಮೊದಲ ಕಾರಿನಲ್ಲಿ ನೀರಿನ ವ್ಯತ್ಯಾಸ ಒಂದೂವರೆ ಗೇಣಿನಷ್ಟಿತ್ತು. ಮೂತಿಯನ್ನು ತೆಗೆದೊಡನೆ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಆ ದಿನದವರೆಗೂ ನಾನು ಬೈಯುತ್ತಿದ್ದುದು ಕಾಗದದ ಫಿಲ್ಟರನ್ನು.

ಅಡ್ಡಿ ನಿಜವಾಗಿಯೂ ದೊಡ್ಡದಾಗಿದ್ದರೆ ಗಾಳಿಯ ಬೆಲೆ ಎಷ್ಟೆಂಬುದಕ್ಕೆ ರ‍್ಯಾಲಿ ಇತಿಹಾಸದಲ್ಲೇ ಉದಾಹರಣೆಯಿದೆ. 1990ರ ದಶಕದ ಮಧ್ಯದ ವಿಶ್ವ ರ‍್ಯಾಲಿಯಲ್ಲಿ 2 ಲೀಟರ್ ಟರ್ಬೊ ಎಂಜಿನ್ನುಗಳ ಶಕ್ತಿ 300 ಅಶ್ವಶಕ್ತಿಯ ಆಸುಪಾಸಿನಲ್ಲೇ ಉಳಿಯಲೆಂದು ಎಲ್ಲ ಗಾಳಿಯೂ 34 ಮಿಲಿಮೀಟರಿನ ಕಿರುದ್ವಾರದ ಮೂಲಕವೇ ಹೋಗಬೇಕೆಂಬ ನಿಯಮವಿತ್ತು. 1995ರ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಟೊಯೋಟಾ ತಂಡದ ಸೆಲಿಕಾ ಕಾರುಗಳಲ್ಲಿ, ಆ ಕಿರುದ್ವಾರವನ್ನು ತಪ್ಪಿಸಿ ಪಕ್ಕದಿಂದ ಗಾಳಿ ನುಗ್ಗುವಂತೆ ಮಾಡಿದ, ಬಿಚ್ಚಿದರೆ ತಾನಾಗಿ ಮುಚ್ಚಿಕೊಳ್ಳುವ ಅತಿ ಜಾಣತನದ ಜೋಡಣೆ ಪತ್ತೆಯಾಗಿ ತಂಡಕ್ಕೆ ಒಂದು ವರ್ಷ ನಿಷೇಧ ಬಿತ್ತು. ಕೆಲವೇ ಮಿಲಿಮೀಟರ್ ಸಂದಿಗಾಗಿ ಅವರು ಅಷ್ಟು ದೊಡ್ಡ ಅಪಾಯಕ್ಕೆ ಒಡ್ಡಿಕೊಂಡದ್ದು ಅಲ್ಲಿ ಕುತ್ತಿಗೆ ಹಿಸುಕಿದಂತಹ ಅಡ್ಡಿ ಇದ್ದುದರಿಂದ. ರಸ್ತೆಯ ಕಾರಿನಲ್ಲಿ ತಯಾರಕರು ಅಂತಹ ಅಡ್ಡಿಯನ್ನು ಇಟ್ಟಿರುವುದು ಅಪರೂಪ.

ಎರಡನೆಯ ಅಂಶ ಗಾಳಿಯ ತಾಪ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 30 ಡಿಗ್ರಿಯ ಗಾಳಿ 40 ಡಿಗ್ರಿಗೆ ಏರಿದರೆ ಸಾಂದ್ರತೆಯಲ್ಲಿ ಶೇಕಡಾ 3ರಷ್ಟು ನಷ್ಟ. 60 ಡಿಗ್ರಿಗೆ ಏರಿದರೆ ಶೇಕಡಾ 9ರಷ್ಟು. ಜೊತೆಗೆ, ಬಿಸಿ ಗಾಳಿಯಿಂದ ಎಂಜಿನ್ ಕುಟ್ಟತೊಡಗುವ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವ) ಅಪಾಯವಿರುವುದರಿಂದ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಅಲ್ಲೂ ಶಕ್ತಿ ಸೋರುತ್ತದೆ. ಅಡ್ಡಿ ತೆಗೆದು ಗಳಿಸಿದ ಶೇಕಡಾ 2ನ್ನು ಬಿಸಿ ಗಾಳಿ ಒಂದೇ ಏಟಿಗೆ ನುಂಗಿಬಿಡಬಲ್ಲದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಆಯ್ಕೆಗಳನ್ನು ನೋಡಬೇಕು.

ಮೂರನೆಯದು ಗಾಳಿ ಅಳೆಯುವ ಸೆನ್ಸರ್. ಹಲವು ಕಾರುಗಳಲ್ಲಿ ಫಿಲ್ಟರ್ ದಾಟಿದ ಮೇಲಿನ ಕೊಳವೆಯಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಇರುತ್ತದೆ. ಅದು ತನ್ನ ಬಿಸಿ ತಂತಿಯ ಮೇಲೆ ಹಾಯುವ ಗಾಳಿಯನ್ನಷ್ಟೇ ಗಮನಿಸಿ, ಕೊಳವೆಯ ವ್ಯಾಸ ಇಷ್ಟೇ ಎಂಬ ನಂಬಿಕೆಯ ಮೇಲೆ ಒಟ್ಟು ಗಾಳಿಯನ್ನು ಲೆಕ್ಕ ಹಾಕುತ್ತದೆ. 70 ಮಿಲಿಮೀಟರ್ ಕೊಳವೆಯ ಜಾಗದಲ್ಲಿ 76 ಮಿಲಿಮೀಟರಿನದನ್ನು ಕೂರಿಸಿದರೆ ವಿಸ್ತೀರ್ಣ ಶೇಕಡಾ 18ರಷ್ಟು ಹೆಚ್ಚುತ್ತದೆ, ಆದರೆ ಸೆನ್ಸರಿಗೆ ಅದು ಗೊತ್ತಿರುವುದಿಲ್ಲ. ಬಂದ ಗಾಳಿಗಿಂತ ಶೇಕಡಾ 15ರಷ್ಟು ಕಡಿಮೆ ಎಂದು ವರದಿ ಮಾಡುತ್ತದೆ, ಇಸಿಯು ಅಷ್ಟೇ ಕಡಿಮೆ ಪೆಟ್ರೋಲ್ ಕೊಡುತ್ತದೆ. ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ತಿದ್ದುತ್ತದೆ, ತಿದ್ದುಪಡಿ ಮಿತಿ ಮೀರಿದರೆ ಎಂಜಿನ್ ದೀಪ ಉರಿದು ಪಿ0171ರಂತಹ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎನ್ನುವ) ಸಂಕೇತ ಬರುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅನೇಕ ಕಾರುಗಳಲ್ಲಿ ಆ ನೇರ ತಿದ್ದುಪಡಿ ಇರುವುದಿಲ್ಲ, ಪಿಸ್ಟನ್ ಸುಡುವ ಅಪಾಯ ಹೆಚ್ಚಿರುವುದೂ ಆ ಹೊತ್ತಿನಲ್ಲೇ. ಥ್ರಾಟಲಿನಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡವನ್ನು ನೋಡಿ ಗಾಳಿಯನ್ನು ಲೆಕ್ಕ ಹಾಕುವ ಎಂಜಿನ್ನುಗಳು ಫಿಲ್ಟರಿನ ಕಡೆಯ ಕೊಳವೆ ಬದಲಾವಣೆಗೆ ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಆದ್ದರಿಂದ ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ ಎಂದು ಮೊದಲೇ ತಿಳಿದಿರಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ: ಧೂಳನ್ನು ತಡೆಯುವ ಸಾಮರ್ಥ್ಯ, ಮಳೆ ನೀರಿನ ಅಪಾಯ, ಸದ್ದು, ವಾರಂಟಿ ಮತ್ತು ವಿಮೆಯ ಷರತ್ತು, ಹೊಗೆ ಹಾಗೂ ಶಬ್ದದ ಕಾನೂನು, ಮತ್ತು ಬೇಡವೆನಿಸಿದರೆ ಮೊದಲಿನಂತೆ ಮಾಡುವ ಅನುಕೂಲ.

ಪ್ಯಾನಲ್ ಫಿಲ್ಟರ್

ಕಾರ್ಖಾನೆಯ ಪೆಟ್ಟಿಗೆಯನ್ನು ಹಾಗೇ ಇಟ್ಟು ಒಳಗಿನ ಕಾಗದದ ಫಿಲ್ಟರನ್ನು ಮಾತ್ರ ಬದಲಿಸುವ ಈ ದಾರಿ ಎಲ್ಲಕ್ಕಿಂತ ಅಗ್ಗ. ತಂಪು ಗಾಳಿಯ ಮೂತಿ ಹಾಗೇ ಉಳಿಯುತ್ತದೆ, ಸೆನ್ಸರ್ ಕೊಳವೆ ಬದಲಾಗುವುದಿಲ್ಲ, ಹತ್ತು ನಿಮಿಷದಲ್ಲಿ ಹಳೆಯದನ್ನು ಮರಳಿ ಹಾಕಬಹುದು. ಲಾಭವೂ ಅದಕ್ಕೆ ತಕ್ಕಂತೆ ಚಿಕ್ಕದು: ಶುದ್ಧವಾಗಿರುವ ಕಾಗದದ ಫಿಲ್ಟರಿನಲ್ಲಿ ಅಡ್ಡಿ ಸಾಮಾನ್ಯವಾಗಿ ಅಲ್ಪವೇ ಇರುವುದರಿಂದ, ಹೊಸತನ್ನು ಹಾಕಿದಾಗ ಕಾಣುವ ಸುಧಾರಣೆಯ ದೊಡ್ಡ ಪಾಲು ಹಳೆಯ ಫಿಲ್ಟರ್ ಕೊಳಕಾಗಿತ್ತು ಎಂಬುದರಿಂದ ಬಂದದ್ದು.

ಇಲ್ಲಿ ನಿಜವಾದ ಪ್ರಶ್ನೆ ಫಿಲ್ಟರಿನ ವಸ್ತುವಿನದು. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು. ಆದರೆ ತೊಳೆದ ಮೇಲೆ ಪೂರ್ತಿ ಒಣಗಿಸದೆ, ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಕೂರಿಸಿದರೆ ಅದರ ಹನಿ ಹೋಗಿ ಸೆನ್ಸರಿನ ತಂತಿಗೆ ಅಂಟಿಕೊಂಡು ಅಳತೆ ಕೆಡುತ್ತದೆ. ಒಣ ಸಿಂಥೆಟಿಕ್ ಫಿಲ್ಟರಿಗೆ ಆ ತೊಂದರೆಯಿಲ್ಲ. ಯಾವುದನ್ನೇ ಕೊಂಡರೂ ಗಾಳಿ ಎಷ್ಟು ಸಲೀಸಾಗಿ ಹಾಯುತ್ತದೆ ಎಂಬುದೊಂದನ್ನೇ ನೋಡದೆ, ಐಎಸ್‌ಒ 5011 ಪರೀಕ್ಷೆಯ ಪ್ರಕಾರ ಶೇಕಡಾ ಎಷ್ಟು ಧೂಳನ್ನು ತಡೆಯುತ್ತದೆ, ತುಂಬುವ ಮೊದಲು ಎಷ್ಟು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಎರಡು ಅಂಕಿಗಳನ್ನೂ ಕೇಳಿ ಪಡೆಯಿರಿ. ಈ ಮೂರೂ ಒಂದನ್ನೊಂದು ಎಳೆದಾಡುವ ಗುಣಗಳು. ಧೂಳಿನ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಕಾಗದದ ಫಿಲ್ಟರನ್ನೇ ಸಮಯಕ್ಕೆ ಸರಿಯಾಗಿ ಬದಲಿಸುತ್ತಿರಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ತೆರೆದ ಕೋನ್ ಫಿಲ್ಟರ್

ಪೆಟ್ಟಿಗೆಯನ್ನು ಕಿತ್ತು, ಗಿಡ್ಡ ಕೊಳವೆಯ ತುದಿಗೆ ಕೋನಾಕಾರದ ಫಿಲ್ಟರನ್ನು ಬಾನೆಟ್ಟಿನ ಕೆಳಗೇ ಬಿಡುವ ಈ ಜೋಡಣೆ ಜನಪ್ರಿಯವಾಗಿರುವುದು ಮುಖ್ಯವಾಗಿ ಸದ್ದಿನಿಂದ. ಕಾರ್ಖಾನೆಯವರು ಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸುವ ಖಾಲಿ ಡಬ್ಬಿಗಳು ಗಾಳಿ ಎಳೆಯುವ ಗರ್ಜನೆಯನ್ನು ಅಡಗಿಸಲು ಇರುವಂಥವು. ಅವು ಹೋದೊಡನೆ ಎಂಜಿನ್ ಬಾಯಿ ತೆರೆದಂತೆ ಕೇಳುತ್ತದೆ, ಕಿವಿಗೆ ಕೇಳಿದ್ದನ್ನು ಮನಸ್ಸು ವೇಗವೆಂದು ಎಣಿಸುತ್ತದೆ. ಆ ಸದ್ದು ನಿಜವಾದ ಸಂತೋಷ, ಅದಕ್ಕಾಗಿಯೇ ಹಣ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಶಕ್ತಿಗಾಗಿ ಎಂದು ಕೊಂಡರೆ ನಿರಾಶೆಯಾಗುತ್ತದೆ, ಏಕೆಂದರೆ ರೇಡಿಯೇಟರನ್ನೂ ಎಕ್ಸಾಸ್ಟನ್ನೂ ಸುಳಿದು ಬಂದ ಬಿಸಿ ಗಾಳಿಯನ್ನೇ ಅದು ಕುಡಿಯುತ್ತದೆ. ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತ ಮೇಲೆ ಬಾನೆಟ್ ಎತ್ತಿ ಆ ಅಲ್ಯೂಮಿನಿಯಂ ಕೊಳವೆಯನ್ನು ಮುಟ್ಟಲು ಹೋದರೆ ಕೈ ಹಿಂದಕ್ಕೆ ಬರುತ್ತದೆ. ಕಾರು ವೇಗವಾಗಿ ಓಡುತ್ತಿರುವಾಗ ಗಾಳಿ ಕೊಳವೆಯಲ್ಲಿ ಇರುವುದು ಕ್ಷಣಮಾತ್ರವಾದ್ದರಿಂದ ಕೊಳವೆಯ ಬಿಸಿ ಅಷ್ಟಾಗಿ ಲೆಕ್ಕಕ್ಕಿಲ್ಲ. ಫಿಲ್ಟರ್ ಕೂತ ಜಾಗದ ಬಿಸಿ ಮಾತ್ರ ಆಗಲೂ ಲೆಕ್ಕಕ್ಕೆ ಬರುತ್ತದೆ. ಸುತ್ತ ತಗಡಿನ ತಡೆ ಹಾಕಿ, ಅದು ಬಾನೆಟ್ಟಿಗೆ ರಬ್ಬರಿನಿಂದ ಅಂಟಿ ಕೂರುವಂತೆ ಮಾಡಿ, ಬಂಪರಿನಿಂದ ತಂಪು ಗಾಳಿಯ ಕೊಳವೆ ತಂದರೆ ಪರಿಸ್ಥಿತಿ ಬಹಳ ಸುಧಾರಿಸುತ್ತದೆ. ಹಾಗೆ ಮಾಡುವಷ್ಟರಲ್ಲಿ ನೀವು ಕಿತ್ತು ಹಾಕಿದ ಪೆಟ್ಟಿಗೆಯನ್ನೇ ಮತ್ತೆ ಕಟ್ಟಿದಂತಾಗಿರುತ್ತದೆ ಎಂಬುದು ಬೇರೆ ಮಾತು.

ಕೋಲ್ಡ್ ಏರ್ ಇನ್‌ಟೇಕ್ ಮತ್ತು ಮುಚ್ಚಿದ ಪೆಟ್ಟಿಗೆ

ಉದ್ದ ಕೊಳವೆಯನ್ನು ಬಂಪರಿನ ಹಿಂದಕ್ಕೋ ಚಕ್ರದ ಮಡ್‌ಗಾರ್ಡಿನೊಳಕ್ಕೋ ಇಳಿಸಿ ಫಿಲ್ಟರನ್ನು ಅಲ್ಲಿ ಕೂರಿಸುವುದು ತಾಪದ ದೃಷ್ಟಿಯಿಂದ ಒಳ್ಳೆಯ ಯೋಚನೆ. ಬೆಲೆ ಪ್ಯಾನಲ್ ಫಿಲ್ಟರಿನ ಹಲವು ಪಟ್ಟು. ಇದರ ದೊಡ್ಡ ಅಪಾಯ ನೀರು. ಫಿಲ್ಟರ್ ನೆಲಕ್ಕೆ ಹತ್ತಿರವಿರುವುದರಿಂದ, ರಸ್ತೆಯಲ್ಲಿ ನಿಂತ ನೀರಿಗೆ ಕಾರು ಇಳಿದಾಗ ಎಂಜಿನ್ ನೀರನ್ನೇ ಎಳೆದುಕೊಳ್ಳಬಹುದು. ಗಾಳಿಯನ್ನು ಅದುಮಿದಂತೆ ನೀರನ್ನು ಅದುಮಲು ಪಿಸ್ಟನ್ನಿಗೆ ಆಗುವುದಿಲ್ಲ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ಗೆಳೆಯನೊಬ್ಬನ ಎಂಜಿನ್ ಬಿಚ್ಚಿದಾಗ ಮೇಜಿನ ಮೇಲೆ ಸಾಲಾಗಿಟ್ಟ ನಾಲ್ಕು ರಾಡುಗಳಲ್ಲಿ ಒಂದು ಮಾತ್ರ ಬಿಲ್ಲಿನಂತೆ ಬಾಗಿತ್ತು. ಅವನು ದಾಟಿದ ನೀರು ಮೊಣಕಾಲಿನಷ್ಟೂ ಆಳವಿರಲಿಲ್ಲ. ಮಳೆಗಾಲದಲ್ಲೂ ಅದೇ ಕಾರಿನಲ್ಲಿ ಓಡಾಡುವವರು ಈ ಆಯ್ಕೆಯನ್ನು ಬಿಟ್ಟುಬಿಡುವುದೇ ಲೇಸು.

ಮುಂಭಾಗದ ಮೂತಿಗೆ ಗಾಳಿ ಅಪ್ಪಳಿಸಿ ತಾನಾಗಿ ಒತ್ತಡ ಹುಟ್ಟುತ್ತದೆ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ, ಗಂಟೆಗೆ 100 ಕಿಲೊಮೀಟರ್ ವೇಗದಲ್ಲಿ ಅದು ಹೆಚ್ಚೆಂದರೆ ವಾಯುಭಾರದ ಶೇಕಡಾ ಅರ್ಧದಷ್ಟು, 200ರಲ್ಲಿ ಶೇಕಡಾ 2ಕ್ಕೆ ಸಮೀಪ. ಟ್ರ್ಯಾಕಿನ ಉದ್ದನೆಯ ನೇರ ದಾರಿಯಲ್ಲಿ ಬೆಲೆಯುಳ್ಳದ್ದು, ಊರೊಳಗೆ ಏನೂ ಇಲ್ಲ.

ಮುಚ್ಚಿದ ಪೆಟ್ಟಿಗೆಯ ಇನ್‌ಟೇಕ್, ಅಂದರೆ ದೊಡ್ಡ ಮೂತಿ, ದೊಡ್ಡ ಫಿಲ್ಟರ್, ನಯವಾದ ತಿರುವು ಮತ್ತು ಸುತ್ತ ಗಾಳಿಯಾಡದ ಗೋಡೆಯಿರುವಂಥದ್ದು, ನನ್ನ ಅಭಿಪ್ರಾಯದಲ್ಲಿ ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರನ್ನು ಬಳಸುವವರಿಗೆ ಅತ್ಯಂತ ಸಮತೋಲದ ಆಯ್ಕೆ. ಫಿಲ್ಟರ್ ಎತ್ತರದಲ್ಲೇ ಉಳಿಯುತ್ತದೆ, ಗಾಳಿಯೂ ಹೊರಗಿನದೇ. ಬೆಲೆ ಮಾತ್ರ ಕೋಲ್ಡ್ ಏರ್ ಕೊಳವೆಗಿಂತ ಮೇಲೆ, ಕಾರ್ಬನ್ ಫೈಬರ್ ಆದರೆ ಇನ್ನೂ ಮೇಲೆ. ಅದೇ ಆಕಾರದ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕರೆ ಕಾರ್ಬನ್ನಿಗೆ ಹೆಚ್ಚು ಕೊಡುವ ಅಗತ್ಯವಿಲ್ಲ. ಗಾಳಿಗೆ ಗೋಡೆಯ ಹೊಳಪು ಕಾಣುವುದಿಲ್ಲ. ನೀರಿನ ಕೊಳವೆ ಪರೀಕ್ಷೆಯಲ್ಲಿ ಅಡ್ಡಿ ಇರುವುದು ಮೂತಿಯಲ್ಲಿ ಮಾತ್ರ ಎಂದು ಕಂಡುಬಂದರೆ, ಕಾರ್ಖಾನೆಯ ಪೆಟ್ಟಿಗೆಯನ್ನು ಉಳಿಸಿಕೊಂಡು ಮೂತಿಯನ್ನಷ್ಟೇ ಅಗಲ ಮಾಡಿಸುವುದರಿಂದ ಇದರ ಲಾಭದ ದೊಡ್ಡ ಭಾಗ ತೀರ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಥ್ರಾಟಲ್, ಮ್ಯಾನಿಫೋಲ್ಡ್, ಪ್ರತ್ಯೇಕ ಥ್ರಾಟಲ್‌ಗಳು

ದೊಡ್ಡ ಥ್ರಾಟಲ್ ಬಾಡಿ ಹಾಕಿದವರು ಕಾರು ಚುರುಕಾಯಿತು ಎನ್ನುವುದು ಸುಳ್ಳಲ್ಲ, ಆದರೆ ಕಾರಣ ಬೇರೆ: ಬಾಗಿಲು ದೊಡ್ಡದಾದ್ದರಿಂದ ಪೆಡಲನ್ನು ಅದೇ ಕಾಲು ಭಾಗ ಒತ್ತಿದಾಗ ಮೊದಲಿಗಿಂತ ಹೆಚ್ಚು ಗಾಳಿ ಹೋಗುತ್ತದೆ. ಪೂರ್ತಿ ಒತ್ತಿದಾಗ, ಹಳೆಯ ಬಾಗಿಲೇ ಅಡ್ಡಿಯಾಗಿರದಿದ್ದರೆ, ವ್ಯತ್ಯಾಸ ಕಾಣುವುದಿಲ್ಲ.

ಮ್ಯಾನಿಫೋಲ್ಡಿನ ಕೊಳವೆಗಳ ಉದ್ದ ಇದಕ್ಕಿಂತ ಬಹಳ ಸ್ವಾರಸ್ಯದ ವಿಷಯ. ವಾಲ್ವು ಮುಚ್ಚಿದಾಗ ತಡೆದು ನಿಂತ ಗಾಳಿಯಲ್ಲಿ ಒತ್ತಡದ ಅಲೆ ಎದ್ದು ಶಬ್ದದ ವೇಗದಲ್ಲಿ ಕೊಳವೆಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ವಾಲ್ವು ಮತ್ತೆ ತೆರೆದಿರುವ ಹೊತ್ತಿಗೆ ಸರಿಯಾಗಿ ಅಲೆ ಮರಳಿ ಬಂದರೆ ಅದು ಹೆಚ್ಚುವರಿ ಗಾಳಿಯನ್ನು ಸಿಲಿಂಡರಿಗೆ ತಳ್ಳುತ್ತದೆ, ಟರ್ಬೊ ಇಲ್ಲದೆಯೂ ಸಿಲಿಂಡರ್ ತನ್ನ ಗಾತ್ರಕ್ಕಿಂತ ಹೆಚ್ಚು ಗಾಳಿಯನ್ನು ತುಂಬಿಕೊಳ್ಳುತ್ತದೆ. ಉದ್ದ ಕೊಳವೆ ಕೆಳಗಿನ ಆರ್‌ಪಿಎಂಗೆ ನೆರವಾಗುತ್ತದೆ, ಗಿಡ್ಡ ಕೊಳವೆ ಮೇಲಿನದಕ್ಕೆ. 1991ರಲ್ಲಿ ಲೆ ಮಾನ್ 24 ಗಂಟೆಗಳ ಸ್ಪರ್ಧೆ ಗೆದ್ದ ಮಾಜ್ದಾ 787ಬಿ ಕಾರಿನ ರೋಟರಿ ಎಂಜಿನ್ನಿನಲ್ಲಿ ಗಾಳಿಯ ಕಹಳೆಗಳು ಆರ್‌ಪಿಎಂಗೆ ತಕ್ಕಂತೆ ಓಡುತ್ತಿರುವಾಗಲೇ ಉದ್ದವಾಗುತ್ತಿದ್ದವು, ಗಿಡ್ಡವಾಗುತ್ತಿದ್ದವು. ಅಂತಹ ವ್ಯವಸ್ಥೆ ಇಲ್ಲದ ಮ್ಯಾನಿಫೋಲ್ಡ್ ಕೊಂಡಾಗ ನೀವು ಒಂದು ತುದಿಯಲ್ಲಿ ಗಳಿಸಿ ಇನ್ನೊಂದು ತುದಿಯಲ್ಲಿ ತೆರಬೇಕು. 8,000 ಆರ್‌ಪಿಎಂನಲ್ಲಿ 10 ಅಶ್ವಶಕ್ತಿ ಬಂದು 3,500ರಲ್ಲಿ ಟಾರ್ಕ್ ಕುಸಿದರೆ, ದಿನದ ಓಡಾಟದಲ್ಲಿ ನಿಮಗೆ ಸಿಗುವುದು ಆ ಕುಸಿತ ಮಾತ್ರ.

ಸಿಲಿಂಡರಿಗೊಂದು ಥ್ರಾಟಲ್ ಈ ದಾರಿಯ ಕೊನೆಯ ನಿಲ್ದಾಣ. ಬಿಎಂಡಬ್ಲ್ಯೂ ಎಂ3 ಕಾರಿನ ಎಸ್54 ಎಂಜಿನ್ನಿಗೆ ಕಾರ್ಖಾನೆಯಿಂದಲೇ ಇದು ಇತ್ತು. ಪೆಡಲಿಗೆ ಅದು ಓಗೊಡುವ ರೀತಿಯನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಆದರೆ ಬೇರೆ ಎಂಜಿನ್ನಿಗೆ ಅದನ್ನು ಅಳವಡಿಸುವುದೆಂದರೆ ಹೊಸ ಇಸಿಯು ಅಥವಾ ಪೂರ್ತಿ ಹೊಸ ಟ್ಯೂನಿಂಗ್ (ಇಸಿಯುವಿನ ಲೆಕ್ಕಗಳನ್ನು ಮತ್ತೆ ಹೊಂದಿಸುವುದು), ಥ್ರಾಟಲ್‌ಗಳನ್ನೆಲ್ಲ ಒಂದೇ ಸಮ ತೆರೆಯುವಂತೆ ಹೊಂದಿಸುವ ನಿರಂತರ ಕೆಲಸ, ಮತ್ತು ಈವರೆಗೆ ಹೇಳಿದ ಎಲ್ಲವನ್ನೂ ಕೂಡಿಸಿದರೂ ಮೀರುವ ಖರ್ಚು. ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ), ಎಕ್ಸಾಸ್ಟ್ ಎರಡನ್ನೂ ಬದಲಿಸಿದ ಟ್ರ್ಯಾಕ್ ಕಾರಿಗೆ ಮಾತ್ರ ಇದನ್ನು ಯೋಚಿಸಬಹುದು.

ಟರ್ಬೊ ಇದ್ದರೆ ಲೆಕ್ಕ ಬೇರೆ

ಟರ್ಬೊ ಎಂಜಿನ್ನಿನಲ್ಲಿ ಕಂಪ್ರೆಸರ್ ತನಗೆ ಬಂದ ಒತ್ತಡವನ್ನು ಗುಣಿಸುತ್ತದೆ. ಆದ್ದರಿಂದ ಅದರ ಬಾಯಲ್ಲಿ 2 ಕಿಲೊಪಾಸ್ಕಲ್ ಕಡಿಮೆಯಾದರೆ, ಎರಡು ಪಟ್ಟು ಒತ್ತುವ ಟರ್ಬೊದ ಇನ್ನೊಂದು ತುದಿಯಲ್ಲಿ 4 ಕಡಿಮೆಯಾಗಬೇಕು. ಆದರೆ ಇಸಿಯು ಒಂದು ನಿಗದಿತ ಬೂಸ್ಟನ್ನು (ಟರ್ಬೊ ಕೊಡುವ ಒತ್ತಡವನ್ನು) ಗುರಿಯಾಗಿಟ್ಟುಕೊಂಡು ವೇಸ್ಟ್‌ಗೇಟನ್ನು (ಟರ್ಬೊ ತಿರುಗಿಸುವ ಹೊಗೆಯಲ್ಲಿ ಒಂದು ಪಾಲನ್ನು ಪಕ್ಕಕ್ಕೆ ಬಿಡುವ ಬಾಗಿಲನ್ನು) ಹೊಂದಿಸಿ ಆ ಕೊರತೆಯನ್ನು ತುಂಬಿಕೊಳ್ಳುವುದರಿಂದ, ಟ್ಯೂನಿಂಗ್ ಬದಲಿಸದೆ ಇನ್‌ಟೇಕ್ ಮಾತ್ರ ಬದಲಿಸಿದಾಗ ಗರಿಷ್ಠ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿರಬಹುದು. ಟರ್ಬೊಗೆ ದುಡಿಮೆ ಸ್ವಲ್ಪ ಹಗುರವಾಗುತ್ತದೆ, ಬೂಸ್ಟ್ ಸ್ವಲ್ಪ ಬೇಗ ಏರುತ್ತದೆ. ಬೂಸ್ಟ್ ಹೆಚ್ಚಿಸಿ ಟ್ಯೂನ್ ಮಾಡಿಸಿ, ಟರ್ಬೊ ತನ್ನ ಮಿತಿಯ ಹತ್ತಿರ ತಿರುಗುತ್ತಿರುವಾಗ ಮಾತ್ರ ಸಲೀಸಾದ ಇನ್‌ಟೇಕ್ ತನ್ನ ಬೆಲೆ ತೋರಿಸುತ್ತದೆ. ಅಲ್ಲಿಯವರೆಗೆ ಅದೇ ಹಣವನ್ನು, ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಒಳ್ಳೆಯ ಇಂಟರ್‌ಕೂಲರಿಗೆ ಹಾಕುವುದು ಹೆಚ್ಚು ಫಲ ಕೊಡುವ ಖರ್ಚು.

ನಿಮ್ಮ ಕಾರಿಗೆ ಯಾವುದು

ಟರ್ಬೊ ಇಲ್ಲದ, ಬೇರೇನೂ ಬದಲಿಸದ ಕಾರು, ಅಳತೆಯಲ್ಲಿ ಅಡ್ಡಿ ಸುಮಾರು 15 ಸೆಂಟಿಮೀಟರ್ ನೀರಿಗಿಂತ ಕಡಿಮೆ ಎಂದಾದರೆ ಹೊಸ ಫಿಲ್ಟರ್ ಹಾಕಿ ನಿಲ್ಲಿಸಿ. ಉಳಿದ ಹಣ ಟೈರಿಗೆ ಹೋಗಲಿ. ಅಡ್ಡಿ 25 ಸೆಂಟಿಮೀಟರ್ ದಾಟಿದ್ದರೆ ಮೂತಿಯನ್ನು ಸರಿಪಡಿಸುವುದಕ್ಕೂ ಮುಚ್ಚಿದ ಪೆಟ್ಟಿಗೆಗೂ ಅರ್ಥವಿದೆ. ಎಕ್ಸಾಸ್ಟ್ ಮತ್ತು ಕ್ಯಾಮ್ ಬದಲಿಸುವ ಯೋಜನೆ ಇದ್ದರೆ ಅದನ್ನು ಮೊದಲು ಮಾಡಿ, ಇನ್‌ಟೇಕ್ ಕೊನೆಗಿರಲಿ: ಗಾಳಿಯ ಹರಿವು ಶೇಕಡಾ 20 ಹೆಚ್ಚಿದರೆ ಅದೇ ದಾರಿಯಲ್ಲಿ ಅಡ್ಡಿ ಶೇಕಡಾ 44 ಹೆಚ್ಚುತ್ತದೆ, ಆದ್ದರಿಂದ ಇಂದು ಸಾಕಾಗಿರುವ ಪೆಟ್ಟಿಗೆ ನಾಳೆ ಸಾಕಾಗದಿರಬಹುದು. ಸದ್ದೇ ಬೇಕು, ಶಕ್ತಿ ಮೊದಲಿನಷ್ಟಿದ್ದರೆ ಸಾಕು ಎನ್ನುವವರಿಗೆ ತಡೆ ಹಾಕಿದ ಕೋನ್ ಫಿಲ್ಟರ್ ಸರಿ, ಶಬ್ದದ ನಿಯಮವನ್ನು ನೋಡಿಕೊಂಡು. ಸೆನ್ಸರ್ ಇರುವ ಭಾಗದ ವ್ಯಾಸ ಒಂದು ಮಿಲಿಮೀಟರ್ ಬದಲಾದರೂ ಟ್ಯೂನಿಂಗಿನ ಖರ್ಚನ್ನು ಸೇರಿಸಿಯೇ ಬೆಲೆ ಹೋಲಿಸಿ.

ಹಾಕಿಸಿದ ಮೇಲೆ ಡೈನೊಗೆ ಹೋಗುವುದಾದರೆ ಬಾನೆಟ್ ಮುಚ್ಚಿಯೇ ಅಳೆಯಬೇಕೆಂದು ಹಟ ಹಿಡಿಯಿರಿ. ಬಾನೆಟ್ ತೆರೆದು ಮುಂದೆ ದೊಡ್ಡ ಫ್ಯಾನ್ ಇಟ್ಟರೆ ತೆರೆದ ಫಿಲ್ಟರಿಗೆ ರಸ್ತೆಯಲ್ಲಿ ಎಂದೂ ಸಿಗದ ತಂಪು ಗಾಳಿ ಸಿಗುತ್ತದೆ. ಹಳೆಯದರಲ್ಲಿ ಮೂರು ಓಟ, ಹೊಸತರಲ್ಲಿ ಮೂರು, ಮತ್ತೆ ಹಳೆಯದರಲ್ಲಿ ಮೂರು, ಎಲ್ಲವೂ ಒಂದೇ ದಿನ. ಒಂದೇ ಜೋಡಣೆಯ ಎರಡು ಓಟಗಳ ನಡುವೆಯೇ ಶೇಕಡಾ 1ರಷ್ಟು ವ್ಯತ್ಯಾಸ ಬರುವುದು ಸಾಮಾನ್ಯ, ಆದ್ದರಿಂದ ಒಂದೊಂದೇ ಓಟದ ಹೋಲಿಕೆಯನ್ನು ನಂಬಬೇಡಿ. ಸಾವಿರ ಕಿಲೊಮೀಟರ್ ಆದ ಮೇಲೆ ಫಿಲ್ಟರ್ ದಾಟಿದ ಕಡೆಯ ಕೊಳವೆಯನ್ನು ಬಿಚ್ಚಿ, ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಯ ಮೇಲೆ ಬೂದು ಬಣ್ಣದ ನವಿರು ಧೂಳು ಕಂಡರೆ, ಡೈನೊ ಏನೇ ಹೇಳಿರಲಿ, ಅಂದೇ ಹಳೆಯ ಪೆಟ್ಟಿಗೆಯನ್ನು ಮರಳಿ ಕೂರಿಸಿ.